ಸ್ವಿಚ್ ಪೋರ್ಟ್ ಹೋಯ್ತು ಅನ್ನುವ ಮೊದಲು: ಯಾವ ಪರೀಕ್ಷೆ, ಯಾವಾಗ?

ಕೆಲವು ವರ್ಷದ ಹಿಂದೆ ಒಂದು ಸಹಕಾರ ಸಂಘದ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸುವ 16 ಪೋರ್ಟಿನ ನೆಟ್‌ವರ್ಕ್ ಸ್ವಿಚ್‌ನ 7ನೇ ಪೋರ್ಟಿಗೆ ನಾನೇ ಕೈಯಾರೆ ಕಪ್ಪು ಟೇಪ್ ಅಂಟಿಸಿ ಬಂದಿದ್ದೆ. ಕ್ಯಾಶ್ ಕೌಂಟರಿನ ಕಂಪ್ಯೂಟರಿಗೆ ಆಗಾಗ ಸರ್ವರ್ ಸಿಗುತ್ತಿರಲಿಲ್ಲ. ಕೇಬಲ್ ಕಿತ್ತು 9ಕ್ಕೆ ಹಾಕಿದೆ, ಸರಿಹೋಯಿತು. 7 ಸತ್ತಿದೆ ಅಂತ ತೀರ್ಪು ಕೊಟ್ಟೆ. ಹದಿನೈದು ದಿನಕ್ಕೆ 9 ಕೂಡ ‘ಸತ್ತಿತು’. ಆಮೇಲೆ 11. ಮೂರನೇ ಟೇಪ್ ಅಂಟಿಸುವಾಗ ಸ್ವಲ್ಪ ನಾಚಿಕೆಯಾಗಿ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದೆ. ಕೇಬಲ್ಲಿನ ಬೂದು ಸಿಪ್ಪೆ ಕನೆಕ್ಟರಿನ ಒಳಗೆ ಹೋಗೇ ಇರಲಿಲ್ಲ. ಎಂಟು ಎಳೆಗಳು ಇಡೀ ಕೇಬಲ್ಲಿನ ಭಾರ ಹೊತ್ತು ನೇತಾಡುತ್ತಿದ್ದವು. ಪ್ರತಿ ಸಲ ಕಿತ್ತು ಹಾಕಿದಾಗ ಎಳೆಗಳು ಒಂಚೂರು ಅಲುಗಿ ಸರಿಯಾಗಿ ಕೂರುತ್ತಿದ್ದವು, ಕೆಲವು ದಿನ ನಡೆಯುತ್ತಿತ್ತು, ಮತ್ತೆ ಸಡಿಲ. ಮೂರೂ ಪೋರ್ಟ್ ಗಟ್ಟಿಮುಟ್ಟಾಗಿದ್ದವು.

ಅವತ್ತಿನಿಂದ ಪೋರ್ಟನ್ನು ಕೊನೆಯ ಆರೋಪಿ ಮಾಡಿಕೊಂಡಿದ್ದೇನೆ. ಹಾಗಂತ ಪೋರ್ಟ್ ಕೆಡುವುದೇ ಇಲ್ಲ ಅಂತಲ್ಲ, ಮಲೆನಾಡಿನಲ್ಲಿ ಏಪ್ರಿಲ್, ಮೇ ಗುಡುಗು ಶುರುವಾದರೆ ಸಾಲು ಸಾಲಾಗಿ ಕೆಡುತ್ತವೆ. ಆದರೆ ಪರೀಕ್ಷೆ ಮಾಡಲು ಏಳೆಂಟು ದಾರಿ ಇವೆ, ಒಂದೊಂದೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ತಪ್ಪು ದಾರಿ ಹಿಡಿದರೆ ನನ್ನ ಹಾಗೆ ಟೇಪ್ ಖರ್ಚಾಗುತ್ತದೆ ಅಷ್ಟೇ.

ಮೊದಲು ದೂರು ಏನು ಅಂತ ಕೇಳಿ

‘ನೆಟ್ ಬರ್ತಿಲ್ಲ’ ಅನ್ನುವುದು ದೂರಲ್ಲ. ಲೈಟೇ ಬರ್ತಿಲ್ಲವಾ? ಲೈಟು ಬಂದು ಹೋಗಿ ಮಾಡುತ್ತಿದೆಯಾ? ಲೈಟು ಗಟ್ಟಿಯಾಗಿದೆ, ಆದರೆ ಫೈಲ್ ಕಾಪಿ ಆಮೆ ನಡಿಗೆಯಾ? ಅಥವಾ ಲ್ಯಾಪ್‌ಟಾಪ್ ಹಾಕಿದರೆ ಓಡುತ್ತೆ, ಕ್ಯಾಮೆರಾಗೆ ಮಾತ್ರ ಕರೆಂಟ್ ಸಿಗುತ್ತಿಲ್ಲವಾ? ಈ ನಾಲ್ಕಕ್ಕೂ ಪರೀಕ್ಷೆ ಬೇರೆ ಬೇರೆ. ಪೂರ್ತಿ ಸತ್ತ ಪೋರ್ಟನ್ನು ಎರಡು ನಿಮಿಷದಲ್ಲಿ ಹಿಡಿಯಬಹುದು. ಅರೆಜೀವದ ಪೋರ್ಟ್ ಇದೆಯಲ್ಲ, ಅದೇ ಜೀವ ತಿನ್ನೋದು.

ಇನ್ನೊಂದು ಮಾತು ಕೇಳಿ: ಯಾವ ಹೊತ್ತಿಗೆ ಆಗುತ್ತೆ? ತಗಡಿನ ಚಾವಣಿಯ ಕೆಳಗೆ, ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟ ಸ್ವಿಚ್ ಬೆಳಗ್ಗೆ ಹತ್ತಕ್ಕೆ ಎಲ್ಲ ಪರೀಕ್ಷೆಯಲ್ಲೂ ಪಾಸು. ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ.

ಟಾರ್ಚ್ ಮತ್ತು ಕಣ್ಣು

ಕಾಸಿಲ್ಲದ ಪರೀಕ್ಷೆ, ಹಾಗಾಗಿ ಯಾರೂ ಮಾಡಲ್ಲ. ಮೊಬೈಲ್ ಟಾರ್ಚ್ ಹಾಕಿ ಪೋರ್ಟ್ ಒಳಗೆ ನೋಡಿ. ಎಂಟು ಚಿನ್ನದ ಬಣ್ಣದ ಸ್ಪ್ರಿಂಗ್ ತಂತಿಗಳು ಒಂದೇ ಇಳಿಜಾರಿನಲ್ಲಿ, ಬಾಚಣಿಗೆ ಹಲ್ಲಿನ ಹಾಗೆ ಇರಬೇಕು. ಒಂದು ಕೆಳಗೆ ಕೂತಿದ್ದರೆ, ಪಕ್ಕದ್ದಕ್ಕೆ ತಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಕರಾವಳಿಯ ಉಪ್ಪುಗಾಳಿಗೆ ಈ ಕಿಲುಬು ಜಾಸ್ತಿ.

ಒಂದು ಕಡೆ ಯಾರೋ ಲ್ಯಾಂಡ್‌ಲೈನ್ ಫೋನಿನ ಸಣ್ಣ ಕನೆಕ್ಟರನ್ನು, ಅಂದರೆ ಆರ್‌ಜೆ11 ಅನ್ನು, ಸ್ವಿಚ್‌ಗೆ ಚುಚ್ಚಿದ್ದರು. ಅದು ಒಳಗೆ ಹೋಗುತ್ತೆ, ಆದರೆ ಅದರ ಪ್ಲಾಸ್ಟಿಕ್ ಅಂಚು ಕೊನೆಯ ಎರಡು ತಂತಿಗಳನ್ನು, 1 ಮತ್ತು 8ನ್ನು, ಒತ್ತಿ ಬಗ್ಗಿಸಿಬಿಡುತ್ತದೆ. ಅಲ್ಲಿ 1 ಹೇಗೋ ವಾಪಸ್ ಎದ್ದಿತ್ತು, 8 ಏಳಲಿಲ್ಲ. ಪರಿಣಾಮ ಏನು ಗೊತ್ತಾ? ಲೈಟು ಬರುತ್ತಿತ್ತು, ನೆಟ್ ಓಡುತ್ತಿತ್ತು, ಆದರೆ ಗಿಗಾಬಿಟ್ ಪೋರ್ಟ್, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್ (ಎಂಬಿಪಿಎಸ್) ಓಡಬೇಕಾದ್ದು, 100ರಲ್ಲೇ ನಿಂತಿತ್ತು. ಯಾಕೆಂದರೆ 100 ಎಂಬಿಪಿಎಸ್‌ಗೆ 1, 2, 3, 6 ಈ ನಾಲ್ಕು ಪಿನ್ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. 8 ಇಲ್ಲ ಅಂದರೆ ಕಂದು ಜೋಡಿಯೇ ಇಲ್ಲ. ಬಹಳಷ್ಟು ಸ್ವಿಚ್‌ಗಳು ಇಂಥ ಹೊತ್ತಲ್ಲಿ ತಾವಾಗೇ 100ಕ್ಕೆ ಇಳಿಯುತ್ತವೆ. ಕೆಲವು ಹಟಮಾರಿಗಳು ಇಳಿಯದೆ ಗಿಗಾಬಿಟ್ಟೇ ಬೇಕು ಅಂತ ಲೈಟ್ ಹೊತ್ತಿಸಿ ಆರಿಸಿ ಕೂರುತ್ತವೆ.

ಹಾಗಾಗಿ ಲಿಂಕ್ ಲೈಟಿನ ಬಣ್ಣ ನೋಡಿ. ಯಾವ ಬಣ್ಣ ಗಿಗಾಬಿಟ್, ಯಾವುದು 100 ಅನ್ನುವುದು ಬಹಳ ಸ್ವಿಚ್‌ಗಳ ಮುಖದ ಮೇಲೇ ಅಚ್ಚಾಗಿರುತ್ತದೆ. ಲೈಟ್ ಇದ್ದ ಮಾತ್ರಕ್ಕೆ ಪೋರ್ಟ್ ಚೆನ್ನಾಗಿದೆ ಅಂತಲ್ಲ.

ಅದಲುಬದಲು

ಎಲ್ಲರೂ ಮಾಡುವುದು ಇದೇ, ಅರ್ಧ ಮಾತ್ರ ಮಾಡುತ್ತಾರೆ. ಕೇಬಲ್ ಕಿತ್ತು ಖಾಲಿ ಪೋರ್ಟಿಗೆ ಹಾಕೋದು ಅರ್ಧ ಪರೀಕ್ಷೆ. ಪೂರ್ತಿ ಅಂದರೆ, ಅನುಮಾನದ 7ರ ಕೇಬಲ್ಲನ್ನು ಚೆನ್ನಾಗಿ ಓಡುತ್ತಿರುವ 9ಕ್ಕೆ, 9ರ ಕೇಬಲ್ಲನ್ನು 7ಕ್ಕೆ ಹಾಕಬೇಕು. ಈಗ 7ಕ್ಕೆ ಬಂದ ಬಡಪಾಯಿ ಕಂಪ್ಯೂಟರ್ ನರಳಲು ಶುರುಮಾಡಿದರೆ ತಪ್ಪು ಪೋರ್ಟಿನದ್ದು. ತೊಂದರೆ ಹಳೇ ಕೇಬಲ್ಲಿನ ಜೊತೆಗೇ 9ಕ್ಕೆ ಹೋದರೆ ಕೇಬಲ್ ಅಥವಾ ಆ ತುದಿಯ ಕಂಪ್ಯೂಟರ್.

ಎರಡೂ ಸರಿಹೋದರೆ? ಹೆಚ್ಚಿನವರು ಖುಷಿಪಟ್ಟು ಮನೆಗೆ ಹೋಗೋದು ಇಲ್ಲೇ. ಏನೂ ಸಾಬೀತಾಗಿಲ್ಲ. ಕೇಬಲ್ಲುಗಳನ್ನು ಮತ್ತೆ ಮೊದಲಿನ ಪೋರ್ಟುಗಳಿಗೇ ಹಾಕಿ. ತೊಂದರೆ ವಾಪಸ್ ಬಂದರೆ ಪೋರ್ಟು ಮತ್ತು ಆ ಕೇಬಲ್ ಒಟ್ಟಿಗೆ ಸೇರಿದಾಗ ಮಾತ್ರ ಜಗಳ, ಅಂದರೆ ಎರಡೂ ಸ್ವಲ್ಪ ಸ್ವಲ್ಪ ಸಡಿಲ. ಬರದಿದ್ದರೆ ಕಿತ್ತು ಹಾಕಿದ್ದರಿಂದಲೇ ಸರಿಹೋಗಿದೆ, ಅಂದರೆ ಕನೆಕ್ಟರ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್ಲೂ ಬದಲಿಸಿ, ಪೋರ್ಟೂ ಬದಲಿಸಿ, ಸ್ವಿಚ್ಚನ್ನೂ ಆಫ್ ಮಾಡಿ ಆನ್ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಆ ದೇವರಿಗೂ ಗೊತ್ತಾಗಲ್ಲ.

ಮ್ಯಾನೇಜ್ಡ್ ಸ್ವಿಚ್ (ಒಳಗೆ ಹೊಕ್ಕು ಸೆಟ್ಟಿಂಗ್ ಬದಲಿಸಬಹುದಾದ್ದು) ಆದರೆ ಹೀಗೆ ಕಣ್ಣುಮುಚ್ಚಿ ಅದಲುಬದಲು ಮಾಡಬೇಡಿ. 7 ಒಂದು ವಿಲ್ಯಾನ್‌ನಲ್ಲಿ (ಒಂದೇ ಸ್ವಿಚ್ಚಿನೊಳಗೆ ಪಾಲು ಮಾಡಿದ ಬೇರೆ ನೆಟ್‌ವರ್ಕ್), 9 ಇನ್ನೊಂದರಲ್ಲಿ ಇದ್ದರೆ ಒಳ್ಳೇ ಪೋರ್ಟೂ ಕೆಟ್ಟ ಹಾಗೆ ಕಾಣುತ್ತದೆ. ಪೋರ್ಟ್ ಸೆಕ್ಯೂರಿಟಿ ಇದ್ದರೆ ಅಪರಿಚಿತ ಮ್ಯಾಕ್ ವಿಳಾಸ (ಪ್ರತಿ ಯಂತ್ರದ ಗುರುತಿನ ಸಂಖ್ಯೆ) ನೋಡಿ ಪೋರ್ಟ್ ತಾನೇ ಬಾಗಿಲು ಹಾಕಿಕೊಳ್ಳಬಹುದು. ಆಗ ಒಂದಿದ್ದ ತೊಂದರೆ ಎರಡಾಯಿತು.

ಕೇಬಲ್ ಟೆಸ್ಟರ್: ಹೇಳಿದ್ದನ್ನೆಲ್ಲ ನಂಬಬೇಡಿ

ಎರಡು ತುಂಡಿನ, 9 ವೋಲ್ಟ್ ಬ್ಯಾಟರಿಯ, 1ರಿಂದ 8ರವರೆಗೆ ಲೈಟ್ ಓಡುವ ಟೆಸ್ಟರ್ ಎಲ್ಲರ ಬ್ಯಾಗಿನಲ್ಲೂ ಇರುತ್ತದೆ. ನನ್ನ ಬ್ಯಾಗಿನಲ್ಲೂ ಇದೆ. ಅದು ಪೋರ್ಟನ್ನು ಪರೀಕ್ಷಿಸಲ್ಲ, ಕೇಬಲ್ಲನ್ನು ಮಾತ್ರ. ನೆಟ್ ಕೇಬಲ್ಲಿನಲ್ಲೇ ಕರೆಂಟ್ ಕೂಡ ಕಳಿಸುವ ಪಿಒಇ ಪೋರ್ಟಿಗಂತೂ ಇದನ್ನು ಚುಚ್ಚಲೇಬೇಡಿ, ಟೆಸ್ಟರೇ ಸುಟ್ಟುಹೋದೀತು. ಎರಡೂ ತುದಿ ಕಿತ್ತ ಮೇಲೆ ಮಾತ್ರ ಬಳಸಿ.

ಇದು ಹಿಡಿಯಲಾರದ ಒಂದು ಕಳ್ಳತನ ಇದೆ. ಹೊಸದಾಗಿ ಕ್ರಿಂಪ್ (ತಂತಿಗೆ ಕನೆಕ್ಟರ್ ಒತ್ತಿ ಕೂರಿಸೋದು) ಕಲಿತ ಹುಡುಗ ಜೋಡಿ ಜೋಡಿಯಾಗಿ ಜೋಡಿಸುತ್ತಾನೆ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ಹಸಿರು, ಬಿಳಿ ನೀಲಿ, ನೀಲಿ, ಬಿಳಿ ಕಂದು, ಕಂದು. ನೋಡಲು ಅಚ್ಚುಕಟ್ಟು. ಎರಡೂ ತುದಿಯಲ್ಲಿ ಹೀಗೇ ಮಾಡಿದರೆ ಟೆಸ್ಟರ್‌ನಲ್ಲಿ 1ರಿಂದ 8 ಸಲೀಸಾಗಿ ಓಡುತ್ತದೆ. ಆದರೆ ಸಿಗ್ನಲ್ ಹೋಗುವ ಒಂದು ಜೋಡಿ 3 ಮತ್ತು 6. ಅವೆರಡೂ ಒಂದಕ್ಕೊಂದು ಹೆಣೆದ ತಂತಿಯಾಗಿರಬೇಕು. ಇಲ್ಲಿ 3 ಬಿಳಿ ಹಸಿರು, 6 ನೀಲಿ! ಹೆಣಿಗೆ ತಪ್ಪಿತು, ಪಕ್ಕದ ತಂತಿಯ ಸದ್ದೆಲ್ಲ ಇದಕ್ಕೆ ಬರುತ್ತದೆ. ಇದಕ್ಕೆ ಸ್ಪ್ಲಿಟ್ ಪೇರ್ ಅನ್ನುತ್ತಾರೆ. ಎರಡು ಮೀಟರ್ ಕೇಬಲ್ಲಿನಲ್ಲಿ ಹೇಗೋ ನಡೆದುಬಿಡಬಹುದು, ಮೂವತ್ತು ಮೀಟರಿಗೆ ಹೋದರೆ ಬಂದು ಹೋಗಿ ಮಾಡುತ್ತದೆ. ಬೈಗುಳ ಪೋರ್ಟಿಗೆ. ಸರಿಯಾದ ಕ್ರಮದಲ್ಲಿ 4ರ ಜಾಗಕ್ಕೆ ನೀಲಿ, 5ಕ್ಕೆ ಬಿಳಿ ನೀಲಿ, 6ಕ್ಕೆ ಹಸಿರು. ಕನೆಕ್ಟರಿನ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲೇ ಬಣ್ಣ ಓದಬಹುದು, ಟೆಸ್ಟರಿಗಿಂತ ನಿಮ್ಮ ಕಣ್ಣೇ ಇಲ್ಲಿ ಮೇಲು.

ಲೂಪ್‌ಬ್ಯಾಕ್ ಪ್ಲಗ್

ಒಂದು ಕನೆಕ್ಟರಿನಲ್ಲಿ 1ನ್ನು 3ಕ್ಕೆ, 2ನ್ನು 6ಕ್ಕೆ ಸೇರಿಸಿದರೆ ಪೋರ್ಟ್ ಕಳಿಸಿದ್ದು ಅದಕ್ಕೇ ವಾಪಸ್ ಬರುತ್ತದೆ. ಐದು ನಿಮಿಷದ ಕೆಲಸ, ಕೇಬಲ್ ಕಂಪ್ಯೂಟರ್ ಯಾವುದರ ಹಂಗೂ ಇಲ್ಲ. ಕೇಳಲು ಚೆಂದ. ನಾನು ಹೆಚ್ಚು ಬಳಸಲ್ಲ, ಕಾರಣ ಹೇಳುತ್ತೇನೆ.

100 ಎಂಬಿಪಿಎಸ್ ಪೋರ್ಟಿನಲ್ಲಿ ಲೈಟ್ ಬಂದರೆ ಪೋರ್ಟ್ ಪೂರ್ತಿ ಸತ್ತಿಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಗಿಗಾಬಿಟ್‌ನಲ್ಲಿ ಎರಡು ತುದಿಗಳಲ್ಲಿ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಅಂತ ಮೊದಲು ಮಾತುಕತೆ ಆಗಬೇಕು. ತನ್ನ ಜೊತೆ ತಾನೇ ಆ ಮಾತುಕತೆ ಮುಗಿಸಲು ಪೋರ್ಟಿಗೆ ಆಗಲ್ಲ, ಹಾಗಾಗಿ ಒಳ್ಳೇ ಪೋರ್ಟಿನಲ್ಲೂ ಲೈಟ್ ಬಾರದೇ ಇರಬಹುದು. ಜೊತೆಗೆ, ಕಚೇರಿ ನಡೆಯುತ್ತಿರುವಾಗ ಸಾದಾ ಸ್ವಿಚ್‌ಗೆ ಇದನ್ನು ಚುಚ್ಚಿದರೆ ಎಲ್ಲರ ಬ್ರಾಡ್‌ಕಾಸ್ಟ್ (ಎಲ್ಲ ಯಂತ್ರಗಳಿಗೂ ಹೋಗುವ ಸಂದೇಶ) ಆ ಪೋರ್ಟಿನಿಂದ ತಿರುಗಿ ಒಳಗೆ ಬರುತ್ತದೆ. ಸ್ವಿಚ್ ಪಾಪ, ಈ ಕಂಪ್ಯೂಟರುಗಳೆಲ್ಲ 7ನೇ ಪೋರ್ಟಿನಲ್ಲಿವೆ ಅಂತ ತಪ್ಪು ತಿಳಿಯುತ್ತದೆ. ಐದು ನಿಮಿಷದಲ್ಲಿ ನಿಮ್ಮ ಫೋನ್ ಹೊಡೆದುಕೊಳ್ಳಲು ಶುರು. ಸ್ವಿಚ್ ಮೇಜಿನ ಮೇಲೆ ಒಂಟಿಯಾಗಿದ್ದಾಗ ಮಾತ್ರ ಬಳಸಿ.

ಪಿಂಗ್ ಸಾಲದು, ಭಾರ ಹೊರಿಸಿ

ಲೈಟು ಗಟ್ಟಿ, ಕೆಲಸ ನಿಧಾನ ಅನ್ನುವ ದೂರಿಗೆ ಸಾದಾ ಪಿಂಗ್ (‘ಇದ್ದೀಯಾ’ ಅಂತ ಕೇಳಿ ಉತ್ತರ ಕಾಯುವ ಸಣ್ಣ ಪರೀಕ್ಷೆ) ಓಡಿಸಿ ‘ಒಂದೂ ಮಿಸ್ ಆಗಿಲ್ಲ’ ಅನ್ನುವವರು ಬಹಳ. ವಿಂಡೋಸ್‌ನ ಪಿಂಗ್ ಸೆಕೆಂಡಿಗೆ ಒಂದು ಸಲ, 32 ಬೈಟ್ ಮಾತ್ರ ಕಳಿಸುತ್ತದೆ. ಸಂತೆಗೆ ಹೋಗುವ ರಸ್ತೆಯಲ್ಲಿ ಒಂದು ಸೈಕಲ್ ಬಿಟ್ಟು ರಸ್ತೆ ಚೆನ್ನಾಗಿದೆ ಅಂದ ಹಾಗೆ. ಪ್ಯಾಕೆಟ್, ಅಂದರೆ ಡೇಟಾದ ಪೊಟ್ಟಣ, ದೊಡ್ಡದಾದಷ್ಟೂ ಅದರಲ್ಲಿ ಒಂದಾದರೂ ಬಿಟ್ ಕೆಡುವ ಸಾಧ್ಯತೆ ಜಾಸ್ತಿ. ಗಾತ್ರವನ್ನು 1472 ಮಾಡಿ ಪಿಂಗ್ ಕೊಡಿ, ಅದಕ್ಕೆ ತಲೆಬರಹದ 28 ಸೇರಿ 1500 ಆಗುತ್ತದೆ. ತಂತಿಯ ಮೇಲೆ ಹೋಗುವ ಪೂರ್ತಿ ಪೊಟ್ಟಣದ, ಅಂದರೆ ಫ್ರೇಮಿನ, ಲೆಕ್ಕದಲ್ಲಿ ಸಾದಾ ಪಿಂಗ್‌ಗಿಂತ ಸುಮಾರು 20 ಪಟ್ಟು ದೊಡ್ಡದು. ಸಣ್ಣದು ಪಾಸಾಗಿ ದೊಡ್ಡದು ಬೀಳುತ್ತಿದ್ದರೆ ತಂತಿಯಲ್ಲೋ ಪೋರ್ಟಿನಲ್ಲೋ ಏನೋ ಇದೆ.

ಇದಕ್ಕಿಂತ ಒಳ್ಳೆಯದು ಐಪರ್ಫ್ 3, ಎರಡು ಕಂಪ್ಯೂಟರಿನ ನಡುವಿನ ವೇಗ ಅಳೆಯುವ ಪ್ರೋಗ್ರಾಂ. ಪುಕ್ಕಟೆ ಸಿಗುತ್ತದೆ. ಒಂದು ಲ್ಯಾಪ್‌ಟಾಪ್ ಒಳ್ಳೇ ಪೋರ್ಟಿನಲ್ಲಿ ಸರ್ವರ್ ಆಗಿ, ಇನ್ನೊಂದು ಅನುಮಾನದ ಪೋರ್ಟಿನಲ್ಲಿ ಕ್ಲೈಂಟ್ ಆಗಿ. ಎರಡಕ್ಕೂ ಕಂಪನಿಯಿಂದಲೇ ಕ್ರಿಂಪ್ ಆಗಿ ಬಂದ ಒಂದೊಂದು ಮೀಟರ್ ಪ್ಯಾಚ್ ಕಾರ್ಡ್ (ಸಣ್ಣ ಕೇಬಲ್) ಹಾಕಿ. ಗೋಡೆಯೊಳಗಿನ ಕೇಬಲ್ ಆಟದಲ್ಲೇ ಇರಬಾರದು. ಗಿಗಾಬಿಟ್‌ಗೆ 940 ಎಂಬಿಪಿಎಸ್ ಆಸುಪಾಸು ಬರಬೇಕು. 94 ಬಂದರೆ ಪೋರ್ಟ್ 100ಕ್ಕೆ ಇಳಿದಿದೆ, ಅಂದರೆ ಮತ್ತೆ ಟಾರ್ಚ್ ತಗೊಳ್ಳಿ. ಒಮ್ಮೆ 900, ಒಮ್ಮೆ 300, ಒಮ್ಮೆ ಸೊನ್ನೆ ಅಂತ ಕುಣಿಯುತ್ತಿದ್ದರೆ ನಿಮ್ಮ ಅನುಮಾನ ನಿಜವಿರಬಹುದು.

ಇಲ್ಲಿ ನಾನು ಬಿದ್ದ ಗುಂಡಿಗಳನ್ನು ಹೇಳಿಬಿಡುತ್ತೇನೆ. ಸುಮ್ನೆ ಓಡಿಸಿದರೆ ಇದು 10 ಸೆಕೆಂಡಿಗೆ ನಿಲ್ಲುತ್ತದೆ, ಅರೆಜೀವದ ಪೋರ್ಟ್ 10 ಸೆಕೆಂಡ್ ಉಸಿರು ಬಿಗಿಹಿಡಿದು ಪಾಸಾಗಿಬಿಡುತ್ತದೆ, ಹತ್ತು ನಿಮಿಷವಾದರೂ ಓಡಿಸಿ. ಹಾಗೇ ಬಿಟ್ಟರೆ ಒಂದೇ ದಿಕ್ಕಿಗೆ ಕಳಿಸುತ್ತದೆ, ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟು ತಿರುಗುಮುರುಗಾಗಿಯೂ ನೋಡಬೇಕು. ಯುಡಿಪಿಯಲ್ಲಿ (ತಲುಪಿತಾ ಅಂತ ವಿಚಾರಿಸದೆ ಕಳಿಸುವ ವಿಧಾನ) ವೇಗ ಹೇಳದಿದ್ದರೆ ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ ಕಳಿಸಿ ‘ನಷ್ಟ ಸೊನ್ನೆ’ ಅಂತ ನಗುತ್ತದೆ. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇಲ್ಲದೆ ಹಳೇ ಯುಎಸ್‌ಬಿ 2ಕ್ಕೆ ಡಾಂಗಲ್ ಹಾಕಿದ್ದರೆ 940 ಯಾವತ್ತೂ ಬರಲ್ಲ, ಯುಎಸ್‌ಬಿ 2ರ ಮಿತಿಯೇ 480. ಮತ್ತೆ ವಿಂಡೋಸ್ ಫೈರ್‌ವಾಲ್ ಬೇರೆ. ಮೊದಲು ಒಳ್ಳೇ ಪೋರ್ಟಿನಲ್ಲಿ ಓಡಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೋಲಿಸಲು ಏನೂ ಇಲ್ಲದೆ ಬರೀ ಸಂಖ್ಯೆ ಇಟ್ಟುಕೊಂಡು ಏನು ಮಾಡೋದು, ಅಲ್ವಾ?

ಕೌಂಟರ್ ಓದುವುದು

ಮ್ಯಾನೇಜ್ಡ್ ಸ್ವಿಚ್ ಇದ್ದವರು ಪುಣ್ಯವಂತರು, ಪ್ರತಿ ಪೋರ್ಟಿನ ಪ್ಯಾಕೆಟ್, ತಪ್ಪುಗಳ ಎಣಿಕೆ (ಇದೇ ಕೌಂಟರ್) ಸ್ವಿಚ್ಚೇ ಇಟ್ಟಿರುತ್ತದೆ. ಇವರು ಕೇಬಲ್ ಮುಟ್ಟುವ ಮೊದಲೇ ಇಲ್ಲಿಗೆ ಬರಬೇಕು, ಯಾಕೆಂದರೆ ಕೆಲಸ ನಡೆಯುತ್ತಿರುವಾಗಲೇ, ಯಾರಿಗೂ ತೊಂದರೆ ಕೊಡದೆ ಮಾಡಬಹುದಾದ ಪರೀಕ್ಷೆ ಇದು. ಸಿಸ್ಕೋದಲ್ಲಿ ‘ಶೋ ಇಂಟರ್ಫೇಸಸ್’ ಅಂದರೆ ಪೋರ್ಟಿನ ಜಾತಕವೇ ಬರುತ್ತದೆ. ದುಬಾರಿ ಸ್ವಿಚ್ಚೇ ಬೇಕಂತಿಲ್ಲ. ಟಿಪಿ-ಲಿಂಕ್‌ನ ಎಸ್‌ಜಿ108ಇ ಥರದ ಸಣ್ಣ ಸ್ವಿಚ್ಚಿನ ಬ್ರೌಸರ್ ಪುಟದಲ್ಲೂ ಪೋರ್ಟ್‌ವಾರು ಒಳ್ಳೇ ಪ್ಯಾಕೆಟ್ ಎಷ್ಟು, ಕೆಟ್ಟದ್ದೆಷ್ಟು ಅಂತ ತೋರಿಸುತ್ತದೆ.

ಮೊದಲು ಪೋರ್ಟಿನ ಸ್ಥಿತಿ ನೋಡಿ. ‘ಎರ್-ಡಿಸೇಬಲ್ಡ್’ ಅಂತಿದ್ದರೆ ಪೋರ್ಟ್ ಕೆಟ್ಟಿರಬೇಕಂತಿಲ್ಲ, ಸ್ವಿಚ್ಚೇ ಯಾವುದೋ ಕಾರಣಕ್ಕೆ ಮುಚ್ಚಿದೆ. ಯಾರೋ ಮೇಜಿನ ಕೆಳಗೆ ಸಣ್ಣ ಸ್ವಿಚ್ ತಂದು ಹಾಕಿರುತ್ತಾರೆ, ಬಿಪಿಡಿಯು ಗಾರ್ಡ್ (ಸ್ವಿಚ್‌ಗಳು ಪರಸ್ಪರ ಕಳಿಸುವ ಸಂದೇಶ ಬಂದರೆ ಪೋರ್ಟ್ ಮುಚ್ಚುವ ಕಾವಲು) ಹಿಡಿದು ಹಾಕಿರುತ್ತದೆ. ಕಾರಣ ತೆಗೆಯದೆ ಪೋರ್ಟನ್ನು ಶಟ್‌ಡೌನ್ ಮಾಡಿ ಎಬ್ಬಿಸಿದರೆ ಮತ್ತೆ ಮಲಗುತ್ತದೆ.

ಆಮೇಲೆ ಕೌಂಟರುಗಳನ್ನು ಸೊನ್ನೆ ಮಾಡಿ, ಮೇಲೆ ಹೇಳಿದ ಭಾರ ಹೊರಿಸಿ, ಸಿಆರ್‌ಸಿ (ದಾರಿಯಲ್ಲಿ ಕೆಟ್ಟು ಬಂದ ಪ್ಯಾಕೆಟ್ಟುಗಳ ಎಣಿಕೆ) ಎಷ್ಟು ಏರುತ್ತದೆ ನೋಡಿ. ಆರು ತಿಂಗಳಲ್ಲಿ ಕೂಡಿಕೊಂಡ 40 ಸಿಆರ್‌ಸಿಗೆ ತಲೆ ಕೆಡಿಸಿಕೊಳ್ಳಬೇಡಿ. ಈಗ ಕಣ್ಣೆದುರು ಏರುತ್ತಿದೆಯಾ ಅನ್ನುವುದು ಮುಖ್ಯ.

ಬಹಳ ಜನಕ್ಕೆ ಹೊಳೆಯದ ವಿಷಯ ಒಂದಿದೆ. ಪೋರ್ಟ್ ಎಣಿಸುವ ಸಿಆರ್‌ಸಿ ತಪ್ಪು ತನಗೆ ಬಂದ ಪ್ಯಾಕೆಟ್ಟುಗಳದ್ದು. ತಾನು ಕೆಟ್ಟದಾಗಿ ಕಳಿಸಿದ್ದು ಅದಕ್ಕೆ ಗೊತ್ತೇ ಆಗಲ್ಲ. ಕಳಿಸುವ ಭಾಗ ಸುಟ್ಟ ಪೋರ್ಟಿನ ಕೌಂಟರ್ ನೋಡಿದರೆ ಹಾಲಿನಷ್ಟು ಶುಭ್ರ! ಆ ತಪ್ಪುಗಳು ಎದುರಿನ ಕಂಪ್ಯೂಟರಿನಲ್ಲಿ ಕಾಣುತ್ತವೆ, ಲಿನಕ್ಸ್‌ನಲ್ಲಿ ‘ಎಥ್‌ಟೂಲ್ ಮೈನಸ್ ದೊಡ್ಡ ಎಸ್’, ವಿಂಡೋಸ್‌ನಲ್ಲಿ ‘ನೆಟ್‌ಸ್ಟ್ಯಾಟ್ ಮೈನಸ್ ಇ’. ಎರಡೂ ಕಡೆ ನೋಡದೆ ಪೋರ್ಟಿಗೆ ಕ್ಲೀನ್ ಚಿಟ್ ಕೊಡಬೇಡಿ.

ಒಂದು ಕಡೆ ಲೇಟ್ ಕೊಲಿಶನ್ (ತಡವಾಗಿ ಆದ ಡಿಕ್ಕಿ), ಇನ್ನೊಂದು ಕಡೆ ಸಿಆರ್‌ಸಿ ಏರುತ್ತಿದ್ದರೆ ಅದು ಡ್ಯೂಪ್ಲೆಕ್ಸ್ ಹೊಂದಾಣಿಕೆ ತಪ್ಪಿದ್ದು. ಫುಲ್ ಅಂದರೆ ಒಟ್ಟಿಗೇ ಕಳಿಸಿ ಪಡೆಯೋದು, ಹಾಫ್ ಅಂದರೆ ಸರದಿಯಲ್ಲಿ. ಯಾರೋ ಒಂದು ಕಡೆ 100 ಫುಲ್ ಅಂತ ಗಟ್ಟಿ ಮಾಡಿ, ಇನ್ನೊಂದನ್ನು ಆಟೋ ಬಿಟ್ಟಿದ್ದಾರೆ. ಆಟೋ ಕಡೆಯದು ಹಾಫ್‌ಗೆ ಇಳಿಯುತ್ತದೆ. ಎರಡೂ ಆಟೋ ಮಾಡಿ, ಟೀ ಕುಡಿಯಲು ಹೋಗಿ.

ಟಿಡಿಆರ್, ಮತ್ತು ಲಕ್ಷದ ಯಂತ್ರ

ಕೆಲವು ಸ್ವಿಚ್‌ಗಳೊಳಗೇ ಟಿಡಿಆರ್ ಅನ್ನುವ ಕೇಬಲ್ ಪರೀಕ್ಷೆ ಇರುತ್ತದೆ. ಮೇಲೆ ಹೇಳಿದ ಎಸ್‌ಜಿ108ಇಯಲ್ಲೂ ಕೇಬಲ್ ಟೆಸ್ಟ್ ಅಂತ ಇದೆ. ತಂತಿಗೆ ಒಂದು ಮಿಡಿತ ಕಳಿಸಿ, ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಅಂತ ನೋಡಿ, ಯಾವ ಜೋಡಿ ಎಷ್ಟು ಮೀಟರಿನಲ್ಲಿ ತುಂಡಾಗಿದೆ ಅಂತ ಹೇಳುತ್ತದೆ. 22 ಮೀಟರಿನಲ್ಲಿ ಓಪನ್ ಅಂದರೆ ಗೋಡೆಯೊಳಗೆ ಇಲಿ ಕೆಲಸ. ಸೊನ್ನೆಯ ಹತ್ತಿರ ಅಂದರೆ ಕನೆಕ್ಟರ್ ಅಥವಾ ಪೋರ್ಟಿನ ಪಿನ್. ನಾಲ್ಕೈದು ಮೀಟರ್ ಹೆಚ್ಚುಕಡಿಮೆ ಆಗುವುದರಿಂದ ಅಳತೆಯನ್ನು ಗೆರೆ ಕೊರೆದ ಹಾಗೆ ನಂಬಬೇಡಿ. ಓಡಿಸಿದಾಗ ಆ ಪೋರ್ಟಿನ ಲಿಂಕ್ ಕ್ಷಣಕಾಲ ಬೀಳಬಹುದು, ಕ್ಯಾಶಿಯರ್‌ಗೆ ಹೇಳಿ ಮಾಡಿ.

ಫ್ಲೂಕ್ ಥರದ ಸರ್ಟಿಫೈಯರ್ (ಕೇಬಲ್ ಸರಿಯಿದೆ ಅಂತ ವರದಿ ಕೊಡುವ ಯಂತ್ರ) ಲಕ್ಷಗಟ್ಟಲೆ ಬೆಲೆಯದು, ಅದೂ ನೋಡುವುದು ಕೇಬಲ್ಲನ್ನೇ. ಹೊಸ ಕಟ್ಟಡದ ಇನ್ನೂರು ಕೇಬಲ್ಲಿಗೆ ವರದಿ ಬೇಕಿದ್ದರೆ ಬಾಡಿಗೆಗೆ ತನ್ನಿ. ಒಂದು ಪೋರ್ಟಿಗೆ ಬೇಡ.

ಕ್ಯಾಮೆರಾ ಪೋರ್ಟುಗಳ ಕತೆ ಬೇರೆ

ಪಿಒಇ ಪೋರ್ಟಿನಲ್ಲಿ ಡೇಟಾ ಒಂದು, ಕರೆಂಟ್ ಒಂದು. ಒಂದು ಸತ್ತು ಇನ್ನೊಂದು ಬದುಕಿರಬಹುದು. ಲ್ಯಾಪ್‌ಟಾಪ್ ಹಾಕಿ ನೋಡಿ, ಡೇಟಾ ಓಡಿದರೆ ಕ್ಯಾಮೆರಾಗೆ ಬೇರೆ ಪಿಒಇ ಇಂಜೆಕ್ಟರ್ (ಕೇಬಲ್ಲಿಗೆ ನಡುವೆ ಕರೆಂಟ್ ಸೇರಿಸುವ ಡಬ್ಬಿ) ಕೊಟ್ಟು ಅದೇ ಪೋರ್ಟಿನಲ್ಲಿ ಮುಂದುವರಿಸಬಹುದು.

ರಾತ್ರಿ ಮಾತ್ರ 8ನೇ ಕ್ಯಾಮೆರಾ ಮಾಯವಾಗುತ್ತೆ ಅನ್ನುವ ದೂರು ಬಂದರೆ ಪೋರ್ಟ್ ಬಿಡಿ, ಲೆಕ್ಕ ಹಾಕಿ. 802.3 ಎಎಫ್ ಅನ್ನುವ ಪಿಒಇ ಮಾನದಂಡದ ಪ್ರಕಾರ ಒಂದು ಪೋರ್ಟ್ 15.4 ವ್ಯಾಟ್‌ವರೆಗೆ ಕೊಡಬಹುದು. ಆದರೆ 8 ಪೋರ್ಟಿಗೆ ಒಟ್ಟು 60 ವ್ಯಾಟ್ ಮಾತ್ರ ಇರುವ ಸ್ವಿಚ್‌ಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಹಗಲು ಕ್ಯಾಮೆರಾ ತಲಾ 5 ವ್ಯಾಟ್ ತಿಂದರೆ 40, ನಿರಾಳ. ಕತ್ತಲಾಗಿ ಇನ್‌ಫ್ರಾರೆಡ್ ಲೈಟ್ ಹೊತ್ತಿಕೊಂಡು ತಲಾ 8 ಆದರೆ 64. ಆಗ ಸ್ವಿಚ್ ಯಾರನ್ನೋ ಬಿಡಬೇಕು, ಬಹಳ ಸ್ವಿಚ್‌ಗಳಲ್ಲಿ ಕೊನೆಯ ನಂಬರಿಗೇ ಕತ್ತರಿ. ಪರೀಕ್ಷೆ ಸುಲಭ: ಬೇರೆ ಎರಡು ಕ್ಯಾಮೆರಾ ಕಿತ್ತು ರಾತ್ರಿ ಕಾದು ನೋಡಿ.

ಸಿಡಿಲಿನ ಮಾರನೇ ದಿನ ಮಾತ್ರ ನಾನು ಉದ್ದನೆಯ ಪರೀಕ್ಷೆಗೆ ಕೂರಲ್ಲ. ಕಂಬದ ಮೇಲಿನ ಕ್ಯಾಮೆರಾದಿಂದ ತಾಮ್ರದ ತಂತಿ ನೇರ ಸ್ವಿಚ್‌ಗೆ ಬಂದಿರುತ್ತದೆ. ಒಳಗೆ ಸಾಮಾನ್ಯವಾಗಿ ನಾಲ್ಕು ಅಥವಾ ಎಂಟು ಪೋರ್ಟಿಗೆ ಸೇರಿ ಒಂದೇ ಚಿಪ್ ಇರುತ್ತದೆ. 5 ಸತ್ತು, 6 ಬಂದು ಹೋಗಿ ಮಾಡುತ್ತಿದ್ದರೆ 7, 8ನ್ನು ನಂಬಿ ಅಪ್‌ಲಿಂಕ್ (ಮುಖ್ಯ ನೆಟ್‌ವರ್ಕಿಗೆ ಹೋಗುವ ಕೇಬಲ್) ಹಾಕುವ ಧೈರ್ಯ ನನಗಿಲ್ಲ. ಸ್ವಿಚ್ ಬದಲಿಸಿ. ಎಲ್ಲ ಪೋರ್ಟೂ ಒಟ್ಟಿಗೆ ಮಿಟುಕುತ್ತಿದ್ದರೆ ಮಾತ್ರ ತಡೆಯಿರಿ, ಅದು ಅಡಾಪ್ಟರ್ ಸೊರಗಿರುವುದು. ಅದೇ ವೋಲ್ಟಿನ, ಆಂಪಿಯರ್ ಕಡಿಮೆಯಿಲ್ಲದ ಬೇರೆ ಅಡಾಪ್ಟರ್ ಹಾಕಿ ನೋಡಿ.

ನಾನಾದರೆ ಯಾವುದು?

ಮನೆ, ಅಂಗಡಿಯ ಸಾದಾ ಸ್ವಿಚ್ ಆದರೆ ಟಾರ್ಚ್, ಪೂರ್ತಿ ಅದಲುಬದಲು, ಹತ್ತು ನಿಮಿಷ ಐಪರ್ಫ್, ಅಷ್ಟೇ. ಅದಕ್ಕಿಂತ ಜಾಸ್ತಿ ಹೊತ್ತು ಹೋದರೆ ನಿಮ್ಮ ಸಮಯ ಸ್ವಿಚ್ಚಿಗಿಂತ ದುಬಾರಿ. ಮ್ಯಾನೇಜ್ಡ್ ಇದ್ದರೆ ಕೌಂಟರ್ ಮೊದಲು, ಟಿಡಿಆರ್ ಎರಡನೆಯದು, ಅದಲುಬದಲು ಆಮೇಲೆ. ವಾರಂಟಿಗೆ ಕಳಿಸುವುದಾದರೆ ಕೌಂಟರಿನ ಚಿತ್ರ, ಐಪರ್ಫ್ ಸಂಖ್ಯೆ ಎರಡನ್ನೂ, ಒಳ್ಳೇ ಪೋರ್ಟಿನದ್ದರ ಜೊತೆಗೆ ಇಟ್ಟು ಕಳಿಸಿ. ಬರೀ ‘ಪೋರ್ಟ್ ಹೋಗಿದೆ’ ಅಂದರೆ ಆ ಕಡೆಯವರು ‘ಕೇಬಲ್ ಬದಲಿಸಿ ನೋಡಿದ್ರಾ ಸಾರ್’ ಅಂತಲೇ ಶುರುಮಾಡುತ್ತಾರೆ.

ನಿಜವಾಗಲೂ ಸತ್ತಿದ್ದರೆ ಟೇಪ್ ಅಂಟಿಸಬೇಡಿ, ಬೇಸಿಗೆಗೆ ಅಂಟು ಕರಗಿ ಬೀಳುತ್ತದೆ, ಮುಂದಿನವರು ಬಂದು ಅಲ್ಲೇ ಕೇಬಲ್ ಹಾಕುತ್ತಾರೆ. ಒಂದು ಖಾಲಿ ಕನೆಕ್ಟರನ್ನು ಹಾಗೇ ಕ್ರಿಂಪ್ ಮಾಡಿ, ಪೋರ್ಟಿಗೆ ಚುಚ್ಚಿ, ಮೇಲಿನ ಲ್ಯಾಚ್‌ನ ಬಾಲ ಕತ್ತರಿಸಿಬಿಡಿ. ಇಕ್ಕಳವಿಲ್ಲದೆ ಹೊರಗೆ ಬರಲ್ಲ. ಕ್ರಿಂಪ್ ಮಾಡದ ಕನೆಕ್ಟರನ್ನು ಮಾತ್ರ ಒಳ್ಳೇ ಪೋರ್ಟಿಗೆ ತಪ್ಪಿಯೂ ಹಾಕಬೇಡಿ. ಅದರ ಪಿನ್ನುಗಳು ಮೇಲೆದ್ದು ನಿಂತಿರುತ್ತವೆ, ಒಳಗಿನ ಸ್ಪ್ರಿಂಗುಗಳನ್ನು ಬಗ್ಗಿಸುತ್ತವೆ.